ತಾಮ್ರದ ಕೊಡದ ಚಿತ್ರ

ಅರವತ್ತರ ದಶಕದ ಆರಂಭದಲ್ಲಿ ನಾನು ಸಿದ್ದಾಪುರದ ಪ್ರಾಥಮಿಕ ಶಾಲೆಯೊಂದರಲ್ಲಿ ಮಾಸ್ತರನಾಗಿದ್ದೆ. ಭಾನುವಾರ ಬಸ್ಸು ಹತ್ತಿ ಶಿರಸಿಗೆ ಹೋಗಿ, ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರ ಹತ್ತಿರ ಬಣ್ಣ ಕಲಿಯುತ್ತಿದ್ದೆ. ಧಾರವಾಡದ ಕಡೆಯವರಾದ ಅವರು ಮುಂಬಯಿಯಲ್ಲಿ ಕಲಿತು ಬಂದಿದ್ದರು. ಈಗ ಅವರಿಗೆ ವರ್ಗವಾಗಿತ್ತು. ಹೊರಡುವ ಮುಂಚೆ ಪಾತ್ರೆ, ಹಣ್ಣುಗಳನ್ನು ಎದುರಿಗಿಟ್ಟು ಬರೆದ ಒಂದು ಒಳ್ಳೆಯ ವಸ್ತುಚಿತ್ರ ತಂದು ತೋರಿಸಿದರೆ, ಮುಂಬಯಿಯ ಕಲಾಶಾಲೆಯಲ್ಲಿದ್ದ ತಮ್ಮ ಗುರುಗಳಿಗೆ ನನ್ನ ಬಗ್ಗೆ ಪತ್ರ ಬರೆಯುವುದಾಗಿ ಹೇಳಿದ್ದರು. ಅಲ್ಲಿಗೆ ಸೇರಲು ನನಗಿದ್ದ ದಾರಿ ಅದೊಂದೇ.

ಅವರ ಬಳಿ ಫ್ರಾನ್ಸಿನ ಹಳೆಯ ಚಿತ್ರವೊಂದರ ಅಚ್ಚುಪ್ರತಿ ಇತ್ತು. ಮೇಜಿನ ಮೇಲೆ ಸೇಬು, ಹೂಜಿ, ಮುದುಡಿದ ಬಟ್ಟೆ. ಮೇಜು ನಮ್ಮ ಕಡೆಗೇ ವಾಲಿದ್ದರೂ ಸೇಬು ಉರುಳುತ್ತಿರಲಿಲ್ಲ. ಹಾಗೆ ಬರೆಯುವುದು ಹೇಗೆಂದು ಕೇಳಿದೆ.

“ಅಂಚಿಗೆ ಗೆರಿ ಎಳೀಬ್ಯಾಡ್ರಿ. ಬಣ್ಣದ ಮಗ್ಗಲಕ್ಕ ಬಣ್ಣ ಇಡ್ರಿ. ನೆರಳಿಗೆ ಕಪ್ಪು ಬಳೀಬ್ಯಾಡ್ರಿ, ನೀಲಿ ಐತೇನು ನೋಡ್ರಿ. ಎದುರಿಗೆ ಏನ್ ಕಾಣ್ತೈತಿ, ಅದನ್ನ ಬರೀರಿ,” ಎಂದರು.

ಸೇಬು ಎಲ್ಲಿಂದ ತರಲಿ? ಅಟ್ಟದಿಂದ ಹಳೆಯ ತಾಮ್ರದ ಕೊಡ ಇಳಿಸಿ, ಪಕ್ಕಕ್ಕೆ ಎರಡು ಕಂಚಿಕಾಯಿ ಇಟ್ಟೆ. ಕೊಡಕ್ಕೆ ಕಿಲುಬು ಹತ್ತಿ ಕಂದು, ಹಸಿರು, ಅಲ್ಲಲ್ಲಿ ನೇರಳೆ ಬಣ್ಣ ಕೂಡಿಕೊಂಡಿತ್ತು. ಅದಕ್ಕೇ ಅದನ್ನು ಆರಿಸಿದ್ದೆ. ಶಾಲೆಗೆ ಹೋಗುವ ಮುಂಚೆ ಮೂರು ಬೆಳಿಗ್ಗೆ ಕೂತು ಆ ಹಸಿರನ್ನು ಹೇಗೋ ಹಿಡಿದೆ.

ನಾಲ್ಕನೆಯ ಬೆಳಿಗ್ಗೆ ನೋಡಿದರೆ ಕೊಡ ಫಳಫಳ ಹೊಳೆಯುತ್ತಿತ್ತು. ನನ್ನ ತಾಯಿ ಹುಣಸೆಹಣ್ಣು ಹಚ್ಚಿ ತಿಕ್ಕಿಬಿಟ್ಟಿದ್ದಳು.

“ಆಯಿ, ಎಂತ ಮಾಡಿದ್ದೆ ಇದು!” ಎಂದು ಕೂಗಿದೆ.

“ಕಿಲುಬು ಕೊಡ ಬರದ್ರೆ ನೋಡ್ದವು ಎಂತ ತಿಳ್ಕತ್ತ ತಮಾ? ಈ ಮನೇಲಿ ಹೆಂಗಸ್ರೇ ಇಲ್ಲೆ ಹೇಳಿ ತಿಳ್ಕತ್ತ,” ಎಂದಳು.

ಅವಳ ಬೆರಳ ಸಂದಿಗಳು ಹುಳಿಗೆ ಬಿರಿದಿದ್ದವು. ಸಿಟ್ಟು ನೆತ್ತಿಗೇರಿತ್ತು, ಆದರೆ ಯಾರ ಮೇಲೆ ತೀರಿಸಲಿ? ಮಾಸ್ತರರಿಗೆ ತೋರಿಸಬೇಕಾದ ಭಾನುವಾರಕ್ಕೆ ಉಳಿದದ್ದು ಮೂರೇ ದಿನ. ಹಸಿರಿನ ಮೇಲೆ ಕಿತ್ತಳೆ ಬಳಿದು ಹೊಸದಾಗಿ ಶುರುಮಾಡಿದೆ. ಮರುದಿನ ಹೊಳಪು ಮಂಕಾಯಿತೆಂದು ಗೊಣಗಿದ್ದೇ ತಪ್ಪಾಯಿತು. ಅದರ ಮಾರನೆಯ ಬೆಳಿಗ್ಗೆ ನಾನು ಏಳುವುದರೊಳಗೆ ಮತ್ತೆ ಕೊಡ ತಿಕ್ಕಿಟ್ಟು, ಚಿತ್ರ ನೋಡಲು ನನ್ನ ಬೆನ್ನ ಹಿಂದೆಯೇ ನಿಂತಳು.

ಹೊಳೆಯುವ ಕೊಡದ ಹೊಟ್ಟೆಯಲ್ಲಿ ಅವಳ ಬಿಂಬ ಕಂಡಿತು. ಮಾಸಿದ ಕೆಂಪು ಸೀರೆ, ಡೊಂಕಾಗಿ ಹಿಗ್ಗಿದ ಮುಖ, ಸೆರಗಿಗೆ ಒರೆಸಿಕೊಳ್ಳುತ್ತಿದ್ದ ಕೈ. ಯೋಚಿಸದೆ ನಾಲ್ಕೈದು ತುಂಡು ಬಣ್ಣ ಇಟ್ಟೆ. ಗೆರೆಯಿಲ್ಲದೆ ಅವಳು ಚಿತ್ರದೊಳಗೆ ನಿಂತುಬಿಟ್ಟಳು.

ಆದರೆ ಶನಿವಾರ ಸಂಜೆ ಹೆದರಿಕೆ ಹತ್ತಿತು. ವಸ್ತುಚಿತ್ರದಲ್ಲಿ ಮನುಷ್ಯರಿಗೇನು ಕೆಲಸ? ಮಾಸ್ತರರು ನಕ್ಕರೆ? ಬ್ಲೇಡಿನಿಂದ ಅವಳನ್ನು ಕೆರೆದು ತೆಗೆದು, ಅಲ್ಲಿ ಒಂದೇ ಸಮ ಕಿತ್ತಳೆ ಬಳಿದೆ.

ಭಾನುವಾರ ಮಾಸ್ತರರ ಮನೆಯಲ್ಲಿ ಟ್ರಂಕುಗಳನ್ನು ಕಟ್ಟಿಟ್ಟಿದ್ದರು. ಅವರು ಚಿತ್ರವನ್ನು ಕಿಟಕಿಗೆ ಹಿಡಿದು ನೋಡಿದರು. ಕಂಚಿಕಾಯಿ ಚೆನ್ನಾಗಿದೆ ಎಂದರು. ಆಮೇಲೆ ಕೆರೆದ ಜಾಗದ ಮೇಲೆ ಬೆರಳು ಇಟ್ಟರು.

“ಇಲ್ಲೇನಿತ್ರಿ?”

“ನಮ್ಮ ತಾಯಿ, ಸರ್. ಕೊಡದೊಳಗೆ ಕಾಣಿಸ್ತಿದ್ರು.”

“ಮತ್ತ ಯಾಕ ಕೆರದ್ರಿ?”

ಅವರು ಚಿತ್ರವನ್ನು ಮೆಲ್ಲಗೆ ನನ್ನ ಕೈಗೇ ಕೊಟ್ಟರು. “ಈ ಕೊಡಕ್ಕ ಜೀವ ಇಲ್ಲಲ್ರಿ. ಇದನ್ನ ನೋಡಿ ನಾ ಏನಂತ ಪತ್ರ ಬರೀಲಿ?” ಎಂದರು. ಇನ್ನೊಮ್ಮೆ ಬರೆದು ತರುತ್ತೇನೆ ಎನ್ನಲೂ ಆಗಲಿಲ್ಲ. ಅವರ ಬಸ್ಸು ಮರುದಿನ ಬೆಳಿಗ್ಗೆಯೇ ಇತ್ತು.

ಮನೆಗೆ ಬಂದಾಗ ತಾಯಿ ಬಾಗಿಲಲ್ಲೇ ಕೇಳಿದಳು: “ಮಾಸ್ತರಿಗೆ ಕೊಡ ಖುಷಿ ಆತ?”

“ಆತು,” ಎಂದೆ.

ಅವಳು ನಕ್ಕು, ಆ ಕೊಡವನ್ನು ಒರೆಸಿ ಅಟ್ಟಕ್ಕಿಡಲು ನನ್ನ ಕೈಗೆ ಕೊಟ್ಟಳು. ಕೊಡದೊಳಗೆ ಇಬ್ಬರೂ ಕಾಣುತ್ತಿದ್ದೆವು.