ಪೆಟ್ಟಿಗೆಗೆ ಮಾತ್ರ ವಾರಂಟಿ

ನಮ್ಮ ಮನೆಯವರದು ಕಸೂತಿ ಕೆಲಸ. ಕಂಪ್ಯೂಟರಿನಲ್ಲಿ ಹೂವು, ಬಳ್ಳಿ, ಶಾಲೆಯ ಮುದ್ರೆ ಬರೆಯುತ್ತಿದ್ದರು. ಮಷಿನ್ನು ಅದನ್ನು ಬಟ್ಟೆಯ ಮೇಲೆ ಹೊಲಿಯುತ್ತಿತ್ತು.

ಅವರು ತೀರಿಹೋದ ದಿನ ಬೆಳಿಗ್ಗೆಯೂ ಕಂಪ್ಯೂಟರ್ ಆನ್ ಮಾಡಿದರು. ದಿನದಂತೆ ಪರದೆಯ ಮೇಲೆ ಆ ಚೌಕ ಬಂತು, ಹೊಸ ಸಿಸ್ಟಂ ಬಂದಿದೆ, ಹಾಕಿಕೊಳ್ಳಿ ಅಂತ. ನೀಲಿ ಗುಂಡಿ ಒತ್ತಿದರೆ ಈಗಲೇ, ಬಿಳಿ ಒತ್ತಿದರೆ ಆಮೇಲೆ. ಅವರು ಬಿಳಿ ಒತ್ತಿದರು. ಕಸೂತಿಯ ಪ್ರೋಗ್ರಾಂ ಹಳೆಯದು, ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿತ್ತು. ಹೊಸ ಸಿಸ್ಟಮ್ಮಿನಲ್ಲಿ ಅದು ತೆರೆಯುವುದಿಲ್ಲ.

"ದಿನಾ ಬಂದು ಪ್ರಾಣ ತಿನ್ನತ್ತಲ್ಲ, ನಿಮ್ಮ ತಮ್ಮನ ಹಾಗೆ," ಎಂದೆ.

"ಅವನಿಗೆ ಬಿಳಿ ಗುಂಡಿ ಇಲ್ವಲ್ಲೇ," ಎಂದು ನಕ್ಕರು.

ದಾರ ತರಲು ಹೋದರು. ದಾರದಂಗಡಿಯ ಬೆಂಚಿನ ಮೇಲೆ ಕೂತವರು ಮತ್ತೆ ಏಳಲಿಲ್ಲ.

ಆ ಕಂಪ್ಯೂಟರಿಗೆ ಅವರು ಬೇರೆ ದುಡ್ಡು ಕೊಟ್ಟು ವಾರಂಟಿಯ ಅವಧಿ ಹೆಚ್ಚಿಸಿಕೊಂಡಿದ್ದರು. ಮಾರಿದವನು ಟೈ ಕಟ್ಟಿದವನು, ಬಾಯಲ್ಲಿ ಬೆಲ್ಲ. ಇನ್ನು ಏನಾದರೂ ಆದರೆ ನಾವಿದ್ದೇವೆ ಎಂದಿದ್ದ. ಏನಾದರೂ ಅಂದರೆ ಎಲ್ಲವೂ ಅಂತ ಇವರು ತಿಳಿದರು. ಇವರು ದಡ್ಡರಲ್ಲ, ಒಳ್ಳೆಯವರು. ಅಂಗಡಿಯವರಿಗೆ ಎರಡೂ ಒಂದೇ.

ಈಗ ಮಷಿನ್ನು ನಾನೇ ನಡೆಸುತ್ತೇನೆ. ನನಗೆ ಚಿತ್ರ ಬರೆಯಲು ಬರುವುದಿಲ್ಲ. ಅವರು ಬರೆದಿಟ್ಟದ್ದನ್ನು ತೆರೆದು, ದೊಡ್ಡದೋ ಚಿಕ್ಕದೋ ಮಾಡಿ ಹೊಲಿಯುತ್ತೇನೆ. ಅದು ತೆರೆಯದಿದ್ದರೆ ನನ್ನ ಅನ್ನ ಹೋಯಿತು.

ಒಂದು ದಿನ ಕಂಪ್ಯೂಟರಿನ ಫ್ಯಾನು ಗರಗರ ಎನ್ನತೊಡಗಿತು. ಕಂಪನಿಗೆ ಫೋನ್ ಮಾಡಿದೆ. ಕಿವಿ ಕಾಯುವವರೆಗೂ ಸಂಗೀತ ಕೇಳಿಸಿದರು. ಕೊನೆಗೆ ರಿಪೇರಿಯವನು ಬಂದ, ಹೊಲಿದಿಟ್ಟ ಬಟ್ಟೆಯ ಮೇಲೆ ಚೀಲ ಎಸೆದ. ಪುಣ್ಯಾತ್ಮ ಫ್ಯಾನು ಪುಕ್ಕಟೆ ಬದಲಿಸಿದ. ಅಲ್ಲಿಗೆ ಬಾಯಿ ಮುಚ್ಚಬಹುದಿತ್ತು. ಹೊಸ ಸಿಸ್ಟಮ್ಮೂ ಹಾಕಿಬಿಡಲೇ ಎಂದ.

ಹಾಕಿದ ಮೇಲೆ ಇವರ ಚಿತ್ರ ತೆರೆಯದಿದ್ದರೆ ನೀವು ಸರಿ ಮಾಡುತ್ತೀರಾ ಎಂದು ಕೇಳಿದೆ.

"ಅದು ವಾರಂಟಿಗೆ ಬರಲ್ಲ ಅಮ್ಮ. ವಾರಂಟಿ ಪೆಟ್ಟಿಗೆಗೆ ಮಾತ್ರ. ಒಳಗಿರೋದು ನಮ್ಮದಲ್ಲ."

ಹಾಕದಿದ್ದರೆ ವಾರಂಟಿ ಹೋಗುತ್ತದೆಯೇ? ಇಲ್ಲವಂತೆ. ಹಾಕಿದರೂ ಹೋಗುವುದಿಲ್ಲವಂತೆ. ಒಳಗಿನದಕ್ಕೆ ಯಾರನ್ನು ಕೇಳಲಿ ಎಂದರೆ ಸಿಸ್ಟಂ ಮಾಡಿದವರನ್ನು ಕೇಳಿ ಎಂದ. ಅವರನ್ನು ಕೇಳಿದರೆ ಪ್ರೋಗ್ರಾಂ ಮಾಡಿದವರನ್ನು ಕೇಳಿ ಎನ್ನುತ್ತಾರಂತೆ. ಆ ಬಾಗಿಲಿಗೆ ಬೀಗ. ಎಲ್ಲರೂ ಕೈ ತೊಳೆದುಕೊಂಡು ಕೂತಿದ್ದಾರೆ.

ಎಲ್ಲ ಬಲ್ಲ ನನ್ನ ಮೈದುನ ಹಿಂದೆಯೇ ನಿಂತಿದ್ದ. ಹಳೆಯ ಸಿಸ್ಟಮ್ಮಿಗೆ ಕಳ್ಳರು ನುಗ್ಗುತ್ತಾರೆ ಎಂದು ಹೆದರಿಸಿದ. ನುಗ್ಗಲಿ, ನಾಲ್ಕು ಹೂವು ಕದ್ದು ಏನು ಮಾಡುತ್ತಾರೆ.

"ಹಳೇದನ್ನ ಕಟ್ಟಿಕೊಂಡು ಎಷ್ಟು ದಿನ ಇರ್ತೀರ ಅತ್ತಿಗೆ? ಬಿಡಿ, ನಾನೇ ಒತ್ತಿಬಿಡ್ತೀನಿ," ಎಂದು ಮೌಸಿಗೆ ಕೈ ಹಾಕಿದ.

ನನ್ನ ಕೈಯಲ್ಲಿ ದಾರ ಕತ್ತರಿಸುವ ಕತ್ತರಿ ಇತ್ತು.

"ನಿನ್ನ ಬೆರಳಿಗೆ ವಾರಂಟಿ ಇದೆಯೇನಪ್ಪ?" ಎಂದೆ.

ಕೈ ತೆಗೆದ. ರಿಪೇರಿಯವನು ಚೀಲ ಎತ್ತಿಕೊಂಡು, ಸರ್ವಿಸ್ ಚೆನ್ನಾಗಿತ್ತು ಎಂದು ಫೋನಿನಲ್ಲಿ ಸ್ಟಾರ್ ಕೊಡಿ ಎಂದು ಹಲ್ಲು ಕಿರಿದ. ಬಾಗಿಲು ತೋರಿಸಿದೆ.

ಫ್ಯಾನು ಈಗ ಸದ್ದಿಲ್ಲದೆ ತಿರುಗುತ್ತದೆ. ಪೆಟ್ಟಿಗೆಗೆ ಇನ್ನೂ ವಾರಂಟಿ ಇದೆ. ಬೆಳಿಗ್ಗೆ ಎದ್ದು ಮಷಿನ್ನಿನ ಮೇಲಿನ ನೂಲಿನ ಧೂಳು ಒರೆಸುತ್ತೇನೆ, ಕಂಪ್ಯೂಟರ್ ಆನ್ ಮಾಡುತ್ತೇನೆ. ಚೌಕ ಬರುತ್ತದೆ. ಬಿಳಿ ಗುಂಡಿ ಒತ್ತುತ್ತೇನೆ.