ಸೋಫಾ ಬದಲಾದ ಮೇಲೆ

ದೊಡ್ಡತ್ತೆಯ ಮಾತುಗಳೆಲ್ಲ ಮನೆಯ ಸಾಮಾನುಗಳ ಮೇಲೆ ಇರುತ್ತಿದ್ದವು. ಮೊದಲ ವಾಕ್ಯ ಬಾಗಿಲ ಹಿಡಿಕೆಯ ಮೇಲೆ, ಎರಡನೆಯದು ಗೋಡೆ ಗಡಿಯಾರದ ಮೇಲೆ, ಮೂರನೆಯದು ಕಂದು ಸೋಫಾದ ಎಡಗೈಯಲ್ಲಿದ್ದ ಸುಟ್ಟ ಗುರುತಿನ ಮೇಲೆ, ನಾಲ್ಕನೆಯದು ಮೆಟ್ಟಿಲ ಕಟಕಟೆಯ ತುದಿಯ ಮರದ ಗುಂಡಿನ ಮೇಲೆ. ಹೀಗೆ ಒಂಬತ್ತು ಜಾಗ, ಒಂಬತ್ತು ವಾಕ್ಯ. ದೃಶ್ಯ ಉದ್ದವಾದರೆ ಹತ್ತನೆಯದಕ್ಕೆ ಮತ್ತೆ ಬಾಗಿಲಿನಿಂದ ಶುರು. ಬೆಳಿಗ್ಗೆ ಮೇಕಪ್ ಮುಗಿಸಿ, ಆ ದಿನದ ಹಾಳೆ ಹಿಡಿದು, ಯಾರೂ ಇಲ್ಲದ ಆ ಸುಳ್ಳು ಮನೆಯಲ್ಲಿ ಒಂದು ಸುತ್ತು ಹಾಕುತ್ತಿದ್ದರು. ಒಂದೊಂದನ್ನೂ ಮುಟ್ಟಿ ಒಂದೊಂದು ವಾಕ್ಯ ಹೇಳುತ್ತಿದ್ದರು. ಎರಡನೆಯ ಸುತ್ತಿಗೆ ಹಾಳೆ ಬೇಕಾಗುತ್ತಿರಲಿಲ್ಲ. ಕ್ಯಾಮೆರಾ ಓಡುವಾಗ ಮುಟ್ಟುವುದೂ ಬೇಡ, ಕಣ್ಣು ಅತ್ತ ಹಾಯಿಸಿದರೆ ಸಾಕು. ನೋಡುವವರಿಗೆ ಅದೇ ಆಕೆಯ ಗತ್ತು. ಈ ಅತ್ತೆ ಮನೆಯ ಮೂಲೆಮೂಲೆಗೂ ಕಣ್ಣಿಟ್ಟಿದ್ದಾಳೆ ಎಂದು ಅರ್ಧ ಊರು ಟಿವಿ ಮುಂದೆ ಹಲ್ಲು ಕಡಿಯುತ್ತಿತ್ತು.

ಈ ಉಪಾಯ ಅವರು ಕಲಿತದ್ದು ನಟನೆಯಿಂದಲ್ಲ. ಅದಕ್ಕೂ ಮೊದಲು ಹನ್ನೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಂತಿ ಚುಚ್ಚುವ ಕೆಲಸದಲ್ಲಿದ್ದರು. ಬೋರ್ಡಿನ ಯಾವ ತೂತಿಗೆ ಯಾರ ಮನೆ ಎಂದು ಜಾಗದ ಮೇಲೆ ನೆನಪಿಟ್ಟುಕೊಳ್ಳುವ ಅಭ್ಯಾಸ ಅಲ್ಲಿಂದ ಬಂತು. ಎಕ್ಸ್‌ಚೇಂಜಿಗೆ ಯಂತ್ರ ಬಂದು ಕೆಲಸ ಹೋದಾಗ, ಆ ದಪ್ಪನೆಯ, ತುಸು ಒಡಕಿನ ದನಿಯನ್ನು ಫೋನಿನಲ್ಲಿ ಕೇಳಿ ಬಲ್ಲವರೊಬ್ಬರು ಧಾರಾವಾಹಿಗೆ ಕರೆದರು. ಮೂರು ಕಂತಿನ ಪಾತ್ರ. ಮನೆಗೆ ಬಂದು ಜಗಳವಾಡಿ ಹೋಗುವ ದೊಡ್ಡತ್ತೆ. ಜಗಳ ಜನಕ್ಕೆ ಹಿಡಿಸಿತು. ಹೋಗಬೇಕಾದ ದೊಡ್ಡತ್ತೆ ಹೋಗಲಿಲ್ಲ. ಆಗ ಅವರಿಗೆ ನಲವತ್ತೊಂದು. ಇಪ್ಪತ್ತೆರಡು ವರ್ಷ, ಐದು ಸಾವಿರದ ಆರುನೂರು ಕಂತು ಕಳೆದರೂ ಅಲ್ಲೇ ಇದ್ದರು. ಅಷ್ಟರಲ್ಲಿ ತರಕಾರಿಯವನಿಂದ ಹಿಡಿದು ಬ್ಯಾಂಕಿನವರೆಗೆ ಯಾರೂ ಬೇರೆ ಹೆಸರಿನಿಂದ ಕರೆಯುತ್ತಿರಲಿಲ್ಲ.

ಮಗಳು ಕರೆಯುತ್ತಿದ್ದಳು. ಅವಳು ಗಣಿತದ ಟೀಚರ್, ಲೆಕ್ಕ ತಪ್ಪುವವಳಲ್ಲ.

"ಅಮ್ಮಾ, ನನ್ ಮದ್ವೇಲಿ ನೀನು ಇದ್ದಿದ್ದು ಎರಡೂಕಾಲು ಗಂಟೆ. ಟಿವಿಲಿ ನಿನ್ ಸೊಸೆ ಮದ್ವೆ ಶೂಟಿಂಗಿಗೆ ಒಂಬತ್ತು ದಿನ ಇದ್ದೆ."

"ಅಲ್ಲಿ ಮೂರು ಕ್ಯಾಮೆರಾ ಇತ್ತಲ್ಲೇ."

"ಹೌದೌದು. ನಂದು ತಪ್ಪು. ಒಂದೇ ಕ್ಯಾಮೆರಾ ಇಟ್ಕೊಂಡು ನಿನ್ನ ಕರೆದ್ನಲ್ಲ."

ಆ ಟಿವಿ ಸೊಸೆ ಬಂದದ್ದು ಹತ್ತೊಂಬತ್ತನೆಯ ವಯಸ್ಸಿಗೆ. ಧಾರಾವಾಹಿಯಲ್ಲಿ ಮಾತು ನೆನಪಿಡದವರಿಗೆ ಕ್ಯಾಮೆರಾ ಪಕ್ಕ ಒಬ್ಬರು ನಿಂತು ಓದಿಕೊಡುತ್ತಾರೆ; ನಟರು ಕೇಳಿ ಹೇಳುತ್ತಾರೆ. ಆಮೇಲೆ ಓದಿದವರ ದನಿ ಅಳಿಸಿ, ಡಬ್ಬಿಂಗ್ ಕೋಣೆಯಲ್ಲಿ ತುಟಿಗೆ ಸರಿಯಾಗಿ ಮತ್ತೆ ಮಾತಾಡಬೇಕು. ಹುಡುಗಿಗೆ ಓದಿಕೊಟ್ಟರೂ ಬರುತ್ತಿರಲಿಲ್ಲ. ಒಂದು ದಿನ ಇಪ್ಪತ್ತಾರು ಸಲ ತಪ್ಪಿ, ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಕೂತು ಅಳುತ್ತಿದ್ದಳು. ದೊಡ್ಡತ್ತೆ ಬಾಗಿಲು ಹಾಕಿಕೊಂಡು ತಮ್ಮ ಗುಟ್ಟು ಹೇಳಿಕೊಟ್ಟರು. ಇಡೀ ಸ್ಟುಡಿಯೋದಲ್ಲಿ ಬೇರೆ ಯಾರಿಗೂ ಹೇಳಿರಲಿಲ್ಲ.

"ನಡುಮನೆ ನಂದು, ಅಡುಗೆಮನೆ ನಿಂದು," ಎಂದರು. "ಒಲೆ ಮೇಲೆ ಒಂದು ಮಾತಿಡು, ಡಬ್ಬಿ ಮೇಲೆ ಒಂದು, ನಲ್ಲಿ ಮೇಲೆ ಒಂದು. ನನ್ ಗಡಿಯಾರಕ್ಕೆ ಮಾತ್ರ ಕೈ ಹಾಕ್ಬೇಡ."

ಹುಡುಗಿ ಕಲಿತಳು. ಹದಿನೆಂಟು ವರ್ಷ ಇಬ್ಬರೂ ಕ್ಯಾಮೆರಾ ಮುಂದೆ ಕಚ್ಚಾಡಿದರು. ಊಟದ ಬಿಡುವಿನಲ್ಲಿ ಒಂದೇ ಡಬ್ಬಿ ಬಿಚ್ಚಿದರು. ಅತ್ತೆ ಎಂಬ ಕರೆ ಕ್ಯಾಮೆರಾ ನಿಂತ ಮೇಲೂ ನಿಲ್ಲಲಿಲ್ಲ.

ಇಪ್ಪತ್ತೆರಡನೆಯ ವರ್ಷ ಹೊಸ ನಿರ್ದೇಶಕ ಬಂದ. ಮೂವತ್ತರೊಳಗಿನವನು, ಕೆಟ್ಟವನಲ್ಲ, ಅವಸರದವನು. ಮನೆ ನೋಡಿ ಜನಕ್ಕೆ ಬೇಜಾರಾಗಿದೆ ಎಂದ. ಎರಡು ವಾರದಲ್ಲಿ ನಡುಮನೆ ಬೆಳ್ಳಗಾಯಿತು. ಬಿಳಿ ಗೋಡೆ, ಬಿಳಿ ಸೋಫಾ, ಗಾಜಿನ ಮೆಟ್ಟಿಲು, ತಾನೇ ತೆರೆದುಕೊಳ್ಳುವ ಬಾಗಿಲು. ಗಡಿಯಾರ ಇಲ್ಲ. ಅಡುಗೆಮನೆಗೆ ಸಮಯ ಸಾಲದೆ ಹಾಗೇ ಬಿಟ್ಟರು.

ಮೊದಲ ದಿನ ದೊಡ್ಡತ್ತೆ ಎಂದಿನಂತೆ ಸುತ್ತು ಹಾಕಿದರು. ಮಾತು ಇಡಲು ಜಾಗ ಸಿಗಲಿಲ್ಲ. ಒಂದು ಬಿಳಿಗೂ ಇನ್ನೊಂದು ಬಿಳಿಗೂ ವ್ಯತ್ಯಾಸವಿರಲಿಲ್ಲ. ಮೂರನೆಯ ವಾಕ್ಯಕ್ಕೆ ಕಣ್ಣು ತಾನಾಗಿ ಸೋಫಾದ ಎಡಗೈಗೆ ಹೋಯಿತು, ಅಲ್ಲಿ ಏನೂ ಇರಲಿಲ್ಲ. ಆಕೆ ನಿಂತುಬಿಟ್ಟರು. ಹನ್ನೊಂದು ಸಲ ತೆಗೆದರೂ ಹನ್ನೊಂದು ಸಲವೂ ಮೂರನೆಯ ವಾಕ್ಯಕ್ಕೇ ನಿಂತರು. ಹನ್ನೆರಡನೆಯ ಸಲ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ, ಅವರಿಗೆ ಮಾತು ಓದಿಕೊಡಲಾಯಿತು. ಕೇಳಿ ಹೇಳುವ ಅಭ್ಯಾಸವಿಲ್ಲದ್ದರಿಂದ ಅದೂ ಕೆಟ್ಟಿತು. ಓದುವವರ ಬಾಯಿಯನ್ನೇ ನೋಡುತ್ತ ನಿಂತದ್ದು ಕ್ಯಾಮೆರಾದಲ್ಲಿ ಕಂಡಿತು.

ತಿಂಗಳು ಹೀಗೇ ನಡೆಯಿತು. ಒಮ್ಮೆ ಧೈರ್ಯ ಮಾಡಿ ನಿರ್ದೇಶಕನ ಹತ್ತಿರ ಹೋದರು.

"ಸರ್, ಆ ಹಳೇ ಸೋಫಾ ಒಂದು ಇಟ್ಕೋಬಹುದಾ? ಮೂಲೇಲಿ ಇದ್ರೂ ಸಾಕು."

"ಸೋಫಾಕ್ಕೂ ಸೆಂಟಿಮೆಂಟಾ ಅಮ್ಮಾ?" ಎಂದು ಅವನು ನಕ್ಕ. ಸುತ್ತ ಇದ್ದವರೂ ನಕ್ಕರು. ದೊಡ್ಡತ್ತೆಯೂ ನಕ್ಕರು. ಸುಮ್ಮನೆ ನೆನಪಿರುತ್ತೆ ಎಂದು ಇಪ್ಪತ್ತೆರಡು ವರ್ಷ ಹೇಳಿಕೊಂಡು ಬಂದ ಬಾಯಿಗೆ ನಿಜ ಹೇಳಲಾಗಲಿಲ್ಲ.

ಮಗಳು ಡಾಕ್ಟರ ಬಳಿ ಕರೆದುಕೊಂಡು ಹೋದಳು. ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದರು ಡಾಕ್ಟರು. ಆಕೆ ತಡವರಿಸದೆ ಎರಡರವರೆಗೆ ಇಳಿದು, "ಇನ್ನು ಕಳೆಯೋಕೆ ಏನೂ ಇಲ್ಲ," ಎಂದರು. ನಿಮ್ಮ ತಲೆ ನನ್ನದಕ್ಕಿಂತ ಚೆನ್ನಾಗಿದೆ ಎಂದು ಕಳಿಸಿದರು.

"ಹೇಳಮ್ಮಾ ಆ ಡೈರೆಕ್ಟರಿಗೆ, ಹಿಂಗಿಂಗೆ ಅಂತ," ಎಂದಳು ಮಗಳು.

"ಸೋಫಾ ಇಲ್ದೆ ಮಾತು ಬರಲ್ಲ ಅಂತ ಹೇಳ್ಲಾ? ನಗ್ತಾರೆ."

"ಈಗೇನು ಅಳ್ತಾ ಇದಾರಾ?"

ಮೂರನೆಯ ತಿಂಗಳು ಕಥೆ ಬರೆಯುವವರು ದೊಡ್ಡತ್ತೆಗೆ ಬೆಂಕಿ ಹಚ್ಚಿದರು. ಒಲೆ ಸಿಡಿಯಿತು, ಮುಖ ಸುಟ್ಟಿತು, ಆಸ್ಪತ್ರೆ ಸೇರಿದರು. ತಲೆಯಿಂದ ಕುತ್ತಿಗೆವರೆಗೆ ಬ್ಯಾಂಡೇಜು, ಕಣ್ಣಿಗೆ ಎರಡು ತೂತು, ಮೂಗಿಗೆ ಒಂದು ಸೀಳು. ಮಾತಿಲ್ಲ. ಪ್ರತಿ ಬೆಳಿಗ್ಗೆ ನಲವತ್ತು ನಿಮಿಷ ಕೂರಿಸಿ ಸುತ್ತುತ್ತಿದ್ದವನು ಮೇಕಪ್ ಮಾಮ. ಮೊದಲ ಕಂತಿನಿಂದಲೂ ಆಕೆಯ ಮುಖಕ್ಕೆ ಬಣ್ಣ ಹಚ್ಚಿದವನು.

"ಯೋಚ್ನೆ ಬಿಡಕ್ಕ. ಮಾತಿಲ್ಲ ಕತೆಯಿಲ್ಲ, ಮಹಾರಾಣಿ ಥರ ಮಲಗು," ಎನ್ನುತ್ತ ಕಿವಿಯ ಮೇಲೆ ಒಂದು ಸುತ್ತು ಕಡಿಮೆ ಸುತ್ತುತ್ತಿದ್ದ, ಸೆಕೆಯಾಗದಿರಲಿ ಎಂದು.

ಆ ಉಪಕಾರದಿಂದ ಎಲ್ಲ ಕೇಳಿಸುತ್ತಿತ್ತು. ಬ್ಯಾಂಡೇಜು ಸುತ್ತಿದವರ ಮುಂದೆ ಜನ ಗೋಡೆಯ ಮುಂದೆ ಮಾತಾಡಿದಂತೆ ಮಾತಾಡುತ್ತಾರೆ. ಐದನೆಯ ದಿನ ಮಂಚದ ಕಾಲ ಬಳಿ ನಿಂತು ನಿರ್ದೇಶಕ ಸೊಸೆಯನ್ನು ಕೇಳಿದ: "ನೀವು ಹದಿನೆಂಟು ವರ್ಷ ಜೊತೇಲಿದ್ದೀರಿ. ನಿಜ ಹೇಳಿ, ಅಮ್ಮನಿಗೆ ಮರೆವು ಶುರುವಾಗಿದೆಯಾ?"

ಸ್ಟುಡಿಯೋದಲ್ಲಿ ಗುಟ್ಟು ಗೊತ್ತಿದ್ದವಳು ಅವಳೊಬ್ಬಳೇ. ಒಂದು ವಾಕ್ಯ ಸಾಕಾಗಿತ್ತು. ದೊಡ್ಡತ್ತೆ ಕಾದರು.

"ವಯಸ್ಸಾಯ್ತಲ್ಲ ಸರ್," ಎಂದಳು ಸೊಸೆ. "ಪಾಪ," ಎಂದೂ ಸೇರಿಸಿದಳು.

ಆ ವಾರ ಕಥೆಯಲ್ಲಿ ಮನೆಯ ಬೀಗದ ಕೈ ಸೊಸೆಯ ಕೈಗೆ ಬಂತು.

ದೊಡ್ಡತ್ತೆ ಅಲುಗಾಡಲಿಲ್ಲ, ಅಲುಗಾಡಬಾರದ ದೃಶ್ಯ. ಮಲಗಿದ ಕಡೆಯಿಂದ ಮೇಲೆ ನೋಡಿದರು. ಸೆಟ್ಟಿನ ಮನೆಗೆ ಚಾವಣಿ ಇರುವುದಿಲ್ಲ. ಮರದ ಹಲಗೆ, ಹಗ್ಗ, ದೀಪಗಳು. ಅವರ ಕಣ್ಣಿನ ತೂತಿಗೆ ಏಳು ದೀಪ ಕಾಣುತ್ತಿದ್ದವು. ಒಂದರ ಅಂಚಿನ ತಗಡಿನ ರೆಕ್ಕೆ ಸೊಟ್ಟ. ಒಂದಕ್ಕೆ ನೀಲಿ ಹಾಳೆ. ಒಂದರ ಗಾಜು ಸೀಳಿತ್ತು. ಯಾವುದೂ ಇನ್ನೊಂದರಂತಿರಲಿಲ್ಲ.

ಬ್ಯಾಂಡೇಜು ಬಿಚ್ಚುವ ದೃಶ್ಯದ ಹಾಳೆ ಎಲ್ಲರಿಗೂ ಹಂಚಿದಾಗ ಆಕೆಗೂ ಒಂದು ಪ್ರತಿ ಬಂತು. ಎರಡು ಪುಟ ಉದ್ದ, ಇಡೀ ದೊಡ್ಡತ್ತೆಯ ಮಾತೇ, ತಡೆಯಿಲ್ಲದೆ. ಆ ಮಂಚದಿಂದ ಎದ್ದು ಆ ಎರಡು ಪುಟ ಹೇಳಿದರೆ ಯಾರೂ ಮರೆವು ಎನ್ನಲಾರರು. ಹನ್ನೊಂದು ದಿನ ಮಲಗಿ ಮಲಗಿ, ಏಳು ದೀಪಗಳ ಮೇಲೆ ನಲವತ್ತೆರಡು ವಾಕ್ಯ ಇಟ್ಟರು, ಆರಾರರಂತೆ. ಮನೆಯಲ್ಲಿ ಮಗಳಿಗೆ ಒಪ್ಪಿಸಿದರು, ಕಣ್ಣು ಮುಚ್ಚಿ, ಮುಖ ಮೇಲೆತ್ತಿ. ಮಗಳು ಹಾಳೆ ಹಿಡಿದು ನೋಡಿದಳು. ಒಂದು ಪದ ಆಚೀಚೆಯಾಗಲಿಲ್ಲ.

"ನೂರಕ್ಕೆ ನೂರು," ಎಂದಳು. ಅವಳು ಯಾರಿಗೂ ಸುಲಭವಾಗಿ ಕೊಡುತ್ತಿರಲಿಲ್ಲ.

ಉಳಿದ ವಿಷಯ ಆಕೆಗೆ ಯಾರೂ ಹೇಳಿರಲಿಲ್ಲ. ಹೇಳುವ ಕೆಲಸವನ್ನು ನಿರ್ದೇಶಕ ಮ್ಯಾನೇಜರಿಗೆ ಬಿಟ್ಟಿದ್ದ, ಮ್ಯಾನೇಜರ್ ಸೊಸೆಗೆ ಬಿಟ್ಟಿದ್ದ, ಸೊಸೆ ನಾಳೆಗೆ ಬಿಟ್ಟಿದ್ದಳು.

ದೃಶ್ಯದ ದಿನ ನರ್ಸ್ ಪಾತ್ರದವಳು ನಿಧಾನವಾಗಿ ಬಿಚ್ಚುತ್ತ ಬಂದಳು. ಸೊಸೆ ಪಕ್ಕದಲ್ಲಿ ಕೂತು ಕೈ ಹಿಡಿದಿದ್ದಳು. ಗಲ್ಲ ಕಂಡಿತು. ಕೆಳತುಟಿ ಕಾಣುವ ಮೊದಲು ನಿರ್ದೇಶಕ ಕಟ್ ಎಂದ.

"ಅಮ್ಮಾ, ಸ್ವಲ್ಪ ಇಳೀರಿ."

ಇಳಿದರು. ದೀಪ ಸರಿಮಾಡಲು ಇರಬೇಕು ಎಂದುಕೊಂಡರು. ಅಷ್ಟರಲ್ಲಿ ಬಾಗಿಲಿನಿಂದ ಐವತ್ತರ ಹೆಂಗಸೊಬ್ಬಳು ಬಂದಳು. ಅದೇ ಆಸ್ಪತ್ರೆ ಬಟ್ಟೆ, ತಲೆಗೆ ಅಷ್ಟೇ ಸುತ್ತು ಬ್ಯಾಂಡೇಜು, ಅಷ್ಟೇ ಕಾಣುವ ಗಲ್ಲ. ಬಂದವಳು ಮಂಚದ ಮೇಲೆ, ದಿಂಬಿನ ಅದೇ ತಗ್ಗಿನಲ್ಲಿ ತಲೆಯಿಟ್ಟು ಮಲಗಿದಳು. ಮೇಕಪ್ ಮಾಮ ಗೋಡೆಯ ಕಡೆ ತಿರುಗಿ ಡಬ್ಬಿ ಮುಚ್ಚುತ್ತಿದ್ದ. ಇನ್ನೊಂದು ಬ್ಯಾಂಡೇಜು ಸುತ್ತಿದವನೂ ಅವನೇ. ಸೊಸೆ ಈಗ ಆ ಹೆಂಗಸಿನ ಕೈ ಹಿಡಿದಳು.

"ಪ್ಲಾಸ್ಟಿಕ್ ಸರ್ಜರಿ," ಎಂದು ಮ್ಯಾನೇಜರ್ ಪಿಸುಗುಟ್ಟಿದ. "ಕಥೆ ಹಾಗಿದೆ. ನಿಮಗೆ ಹೇಳಿದ್ರಲ್ವಾ?"

ಹೊಸಬಳ ಮುಖ ಬಿಚ್ಚಿತು, ಅಂದವಾದ ಮುಖ. ಓದಿಕೊಟ್ಟರೂ ಎರಡನೆಯ ವಾಕ್ಯ ದಾಟಲಿಲ್ಲ. ದನಿ ತೆಳ್ಳಗೆ, ಸಿಟ್ಟಿನ ಕಡೆ ಕೀಚಲು. ಒಂಬತ್ತು ಸಲ ತೆಗೆದರು. ಒಂಬತ್ತನೆಯ ಸಲ ತಪ್ಪಿದಾಗ ಕ್ಯಾಮೆರಾ ಹಿಂದಿನಿಂದ ಇನ್ನೊಂದು ದನಿ ಶುರುವಾಯಿತು.

ದೊಡ್ಡತ್ತೆ ನಿಂತಲ್ಲೇ ಮುಖ ಮೇಲೆತ್ತಿದ್ದರು. ಬಾಯಿಯ ಮೇಲಿದ್ದ ಸುತ್ತನ್ನು ತಾವೇ ಎಳೆದುಕೊಂಡಿದ್ದರು; ಅರ್ಧ ಬಿಚ್ಚಿದ ಬ್ಯಾಂಡೇಜು ಭುಜದ ಮೇಲೆ ಜೋತಾಡುತ್ತಿತ್ತು. ಸೊಟ್ಟ ರೆಕ್ಕೆಯಿಂದ ಸೀಳು ಗಾಜಿಗೆ, ಅಲ್ಲಿಂದ ನೀಲಿ ಹಾಳೆಗೆ ಕಣ್ಣು ಹೋಯಿತು. ನಲವತ್ತೆರಡು ವಾಕ್ಯ, ನಾಲ್ಕು ನಿಮಿಷಕ್ಕೆ ಸ್ವಲ್ಪ ಕಡಿಮೆ.

ಕೊನೆಯ ಪದ ಮುಗಿಯುವಷ್ಟರಲ್ಲಿ ನಿರ್ದೇಶಕ ಕುರ್ಚಿಯಿಂದ ಎದ್ದುಬಿಟ್ಟಿದ್ದ. "ಅಮ್ಮಾ! ಎಲ್ಲಿತ್ತು ಇದು ಇಷ್ಟು ದಿನ?"

"ಮೇಲಿತ್ತು," ಎಂದರು ದೊಡ್ಡತ್ತೆ.

ಅವನಿಗೆ ಅರ್ಥವಾಗಲಿಲ್ಲ. ಆದರೆ ಅವಸರದವನ ತಲೆ ಅವಸರದಿಂದಲೇ ಓಡಿತು. ಮಂಚದ ಮೇಲಿನ ಮುಖ ನೋಡಿದ, ಕೆಳಗೆ ನಿಂತ ಬಾಯಿ ನೋಡಿದ. "ವಾಯ್ಸ್ ಇವರದ್ದೇ ಇರಲಿ," ಎಂದ ಖುಷಿಯಿಂದ. "ಮೇಡಂ, ನೀವು ಬರೀ ತುಟಿ ಆಡಿಸಿ ಸಾಕು. ಅಮ್ಮ ಡಬ್ ಮಾಡ್ತಾರೆ." ಒಳ್ಳೆಯದು ಮಾಡಿದೆ ಎಂದೇ ಅವನು ನಂಬಿದ್ದ.

ಬಟ್ಟೆ ಬದಲಾಯಿಸುವ ಕೋಣೆಗೆ ಸೊಸೆ ಬಂದಳು. ಬಾಗಿಲು ಹಾಕಿಕೊಂಡಳು.

"ಅತ್ತೇ, ಏನೂ ಅಂದ್ಕೋಬೇಡಿ. ನನ್ ಕೈಲಿ ಏನಿತ್ತು ಹೇಳಿ."

ದೊಡ್ಡತ್ತೆ ಕೂದಲಿಗಂಟಿದ ಬ್ಯಾಂಡೇಜಿನ ದಾರ ಬಿಡಿಸಿಕೊಳ್ಳುತ್ತಿದ್ದರು. "ಏನೂ ಇರ್ಲಿಲ್ಲ ತಾಯಿ," ಎಂದರು ಮೆಲ್ಲಗೆ. "ಅಡುಗೆಮನೆಗೆ ಯಾವಾಗ ಬಣ್ಣ ಹೊಡೀತಾರೆ ಅಂತ ವಿಚಾರಿಸ್ಕೊಂಡ್ಯಾ?"

ಸೊಸೆಯ ಮುಖ ಬಿಳುಚಿತು. ಕೇಳಿಕೊಂಡಿರಲಿಲ್ಲ ಎಂದು ಅದರಲ್ಲೇ ಗೊತ್ತಾಯಿತು.

"ಒಪ್ಕೊಂಡ್ಯಾ?" ಎಂದು ಮನೆಯಲ್ಲಿ ಮಗಳು ಕೇಳಿದಳು.

"ಹೂಂ."

"ಯಾಕಮ್ಮಾ?"

"ಆ ಮನೇಲಿ ನಂದು ಅಂತ ಉಳಿದಿದ್ದು ಈ ದನಿ ಒಂದೇ ಅಲ್ವೇನೇ."

ಮಗಳು ಎದ್ದು ಹೋಗಿ ಅಮ್ಮನ ತಟ್ಟೆಗೂ ಬಡಿಸಿಕೊಂಡು ಬಂದಳು.

ಡಬ್ಬಿಂಗ್ ಕೋಣೆ ಎಂಟಡಿ ಉದ್ದ, ಆರಡಿ ಅಗಲ. ಕಪ್ಪು ಗೋಡೆ, ಒಂದು ಮೈಕು, ಒಂದು ಪರದೆ. ಹಾಳೆ ನೋಡಿ ಓದಿದರೆ ತುಟಿ ತಪ್ಪಿಹೋಗುತ್ತದೆ, ತುಟಿ ನೋಡಿದರೆ ಹಾಳೆ. ಮಾತು ಇಡಲು ಆ ಕೋಣೆಯಲ್ಲಿ ಒಂದೇ ಜಾಗವಿತ್ತು. ದೊಡ್ಡತ್ತೆ ಅಲ್ಲೇ ಇಟ್ಟರು: ಮೊದಲ ವಾಕ್ಯ ಆ ಹೆಂಗಸಿನ ಎಡ ಹುಬ್ಬಿನ ಮೇಲೆ, ಎರಡನೆಯದು ಬಲ ಹುಬ್ಬಿನ ಮೇಲೆ, ಮೂರನೆಯದು ಮೂಗಿನ ಪಕ್ಕದ ಮಚ್ಚೆಯ ಮೇಲೆ. ಎರಡು ವಾರದಲ್ಲಿ ಕೆಲಸ ಹಿಡಿತಕ್ಕೆ ಬಂತು. ದೊಡ್ಡತ್ತೆ ಮುಖ ಬದಲಾದರೂ ಗತ್ತು ಬದಲಾಗಲಿಲ್ಲ ಎಂದು ತರಕಾರಿಯವನು, ಆಕೆಗೇ ತೂಕ ಹಾಕುತ್ತ, ಪಕ್ಕದವನಿಗೆ ಹೇಳಿದ.

ಡಬ್ಬಿಂಗ್ ಶುರುವಾದ ನಾಲ್ಕನೆಯ ತಿಂಗಳು ಒಂದು ಬೆಳಿಗ್ಗೆ ಆಕೆ ಮೊದಲ ವಾಕ್ಯಕ್ಕೇ ನಿಂತರು. ಮತ್ತೆ ಹಾಕಿದರು, ಮತ್ತೆ ನಿಂತರು. ಮೂರನೆಯ ಸಲವೂ. ಪರದೆಯ ಮೇಲೆ ಆ ಹೆಂಗಸು ಹುಬ್ಬು ತೀಡಿಸಿಕೊಂಡು ಬಂದಿದ್ದಳು, ಮಚ್ಚೆ ತೆಗೆಸಿಕೊಂಡು ಬಂದಿದ್ದಳು. ಮುಖ ನುಣ್ಣಗೆ, ಬೆಳ್ಳಗೆ, ಗುರುತಿಲ್ಲದೆ ಬಾಯಿ ಆಡಿಸುತ್ತಿತ್ತು.

"ಅಮ್ಮಾ," ಎಂದ ಗಾಜಿನ ಆಚೆಯ ಸೌಂಡ್ ಎಂಜಿನಿಯರ್, ಇಯರ್‌ಫೋನಿನಲ್ಲಿ. "ಯಾರಾದ್ರೂ ಓದ್ಕೊಡ್ಲಾ?"

"ಬೇಡ," ಎಂದರು ದೊಡ್ಡತ್ತೆ. "ಸದ್ದು ತೆಗೆದು ಇನ್ನೊಂದು ಸಲ ಹಾಕಪ್ಪ. ಮುಖ ಕಲ್ತ್ಕೋಬೇಕು."