ಸಮರ್‌ಖಂಡ್‌ಗೆ ಒಬ್ಬಾಕಿ

ಗೋಕಾಕದಿಂದ ಹುಕ್ಕೇರಿಗೆ ಬೆಳಗಿನ ಬಸ್ಸಿನಲ್ಲಿ ಹನ್ನೊಂದು ವರ್ಷಗಳಿಂದ ಓಡಾಡುತ್ತಿದ್ದೇನೆ. ಅಲ್ಲಿನ ಒಂದು ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುವುದು ನನ್ನ ಕೆಲಸ. ಗೋಕಾಕದಲ್ಲಿ ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ಒಬ್ಬಳೇ ಇರುತ್ತೇನೆ. ಮದುವೆಯಾಗಲಿಲ್ಲ, ಅದಕ್ಕೆ ಹೇಳಿಕೊಳ್ಳುವಂಥ ಕಥೆಯೂ ಇಲ್ಲ. ನೋಡಲು ಬಂದವರು ಒಪ್ಪಲಿಲ್ಲ, ಆಮೇಲೆ ಬರುವುದೇ ನಿಂತಿತು. ನಿಂತಿದೆ ಎಂಬುದು ನನ್ನ ಗಮನಕ್ಕೆ ಬರುವಷ್ಟರಲ್ಲಿ ನಲವತ್ತು ದಾಟಿತ್ತು.

ಬಸ್ಸು ಹತ್ತಿದ ಕೂಡಲೇ ಪಕ್ಕದ ಸೀಟಿನ ಮೇಲೆ ನನ್ನ ಬ್ಯಾಗು ಇಡುತ್ತಿದ್ದೆ. ಘಟಪ್ರಭಾದಲ್ಲಿ ಗೆಳತಿ ಹತ್ತುತ್ತಿದ್ದಳು. ಅದೇ ಶಾಲೆಯ ಹಿಂದಿ ಶಿಕ್ಷಕಿ, ನನಗಿಂತ ಆರು ವರ್ಷ ಚಿಕ್ಕವಳು. ಅವಳು ನಕ್ಕರೆ ಬಸ್ಸಿನ ಕೊನೆಯ ಸೀಟಿನವರೂ ತಿರುಗಿ ನೋಡುತ್ತಿದ್ದರು. ನಾನು ಅಷ್ಟು ನಗುವವಳಲ್ಲ. ಆದರೂ ಅವಳು ಬ್ಯಾಗನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟು ಕೂತಾಗಲೇ ನನಗೆ ದಿನ ಶುರುವಾದಂತೆ ಅನ್ನಿಸುತ್ತಿತ್ತು.

ಒಂದು ದಿನ ಬಾಬರನ ಪಾಠ ಮಾಡುವಾಗ ಬೋರ್ಡಿನ ಮೇಲೆ ಸಮರ್‌ಖಂಡದ ಗುಮ್ಮಟ ಬಿಡಿಸಿದ್ದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು, "ಟೀಚರ್ರ, ನೀವು ನೋಡೀರೇನ್ರಿ ಅದನ್ನ?" ಎಂದು ಕೇಳಿದಳು. ಇಲ್ಲವೆಂದೆ. ಸಂಜೆ ಬಸ್ಸಿನಲ್ಲಿ ಗೆಳತಿಗೆ ಅದನ್ನು ಹೇಳಿದೆ. ಶಾಲೆಯ ಮಕ್ಕಳನ್ನು ಕರೆದುಕೊಂಡು ನಾಲ್ಕು ಸಲ ವಿಜಾಪುರಕ್ಕೆ ಹೋಗಿದ್ದು ಬಿಟ್ಟರೆ ನಾನು ಯಾವ ಗುಮ್ಮಟವನ್ನೂ ನೋಡಿರಲಿಲ್ಲ.

"ಅದಕ್ಯಾಕ ಮಾರಿ ಸಣ್ಣದ್ ಮಾಡ್ತಿ? ಹೋಗೂಣು ಬಿಡ," ಅಂದಳು.

"ಎಲ್ಲಿಗೆ?"

"ಸಮರ್‌ಖಂಡಕ್ಕ. ಬಸ್ ಇಲ್ಲಾಂದ್ರ ವಿಮಾನ ಐತಿ."

ಅವಳು ತಮಾಷೆಗೆ ಅಂದಿದ್ದಳೋ ಏನೋ, ನಾನು ಮರುದಿನವೇ ಇನ್ನೂರು ಪುಟದ ನೋಟ್‌ಬುಕ್ ಕೊಂಡೆ. ಮುಂದಿನ ಎರಡು ವರ್ಷ ನಮ್ಮ ಬಸ್ಸು ಹುಕ್ಕೇರಿಗೆ ಹೋಗುತ್ತಿತ್ತು, ನಾವಿಬ್ಬರೂ ಉಜ್ಬೇಕಿಸ್ತಾನದಲ್ಲಿರುತ್ತಿದ್ದೆವು. ತಾಷ್ಕೆಂಟಿನಲ್ಲಿ ಒಂದು ದಿನ. ಅಲ್ಲಿಂದ ರೈಲಿನಲ್ಲಿ ಸಮರ್‌ಖಂಡ್, ಆಮೇಲೆ ಬುಖಾರಾ. ಈ ಎರಡು ಊರುಗಳ ನಡುವೆ ಉತ್ತರಕ್ಕೆ ತಿರುಗಿದರೆ ನುರಾತಾ ಬೆಟ್ಟಗಳು, ಅವುಗಳಾಚೆ ಮರಳುಗಾಡು, ಮರಳುಗಾಡಿನ ಅಂಚಿನಲ್ಲೊಂದು ದೊಡ್ಡ ಸರೋವರ. ಬೆಟ್ಟದ ಹಳ್ಳಿಗಳಲ್ಲಿ ಮನೆಯವರೇ ಉಳಿಯಲು ಜಾಗ ಕೊಡುತ್ತಾರೆಂದು ಓದಿದ್ದೆ. ನನ್ನ ಮನಸ್ಸೆಲ್ಲ ಅಲ್ಲೇ ಇತ್ತು.

"ಮರಭೂಮ್ಯಾಗ ಏನೈತಿ ನೋಡಾಕ? ನಮ್ಮಲ್ಲಿ ಬ್ಯಾಸಗಿ ಬಂತಂದ್ರ ಎಲ್ಲಾ ಮರಭೂಮಿನ," ಎಂದು ಅವಳು ಪೆನ್ನು ಕಸಿದುಕೊಂಡು ಆ ಸಾಲಿಗೆ ಅಡ್ಡಗೆರೆ ಎಳೆಯುತ್ತಿದ್ದಳು. ರೇಷ್ಮೆ ಬಜಾರಿಗೆ ಇನ್ನೊಂದು ದಿನ ಬೇಕೆನ್ನುತ್ತಿದ್ದಳು. ನಾನು ಮನೆಗೆ ಹೋಗಿ ಹೊಡೆದುಹಾಕಿದ್ದನ್ನು ಮತ್ತೆ ಬರೆಯುತ್ತಿದ್ದೆ. ಊಟದ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು: ವಾರಗಟ್ಟಲೆ ಕೆಡದ ಖಟಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗುವುದು.

ಮೂರನೆಯ ವರ್ಷ ಅವಳಿಗೆ ಮೂಡಲಗಿಗೆ ವರ್ಗವಾಯಿತು. ಗಂಡನ ಊರು ಅದರ ಹತ್ತಿರದ ಕಲ್ಲೋಳಿ. ಅಲ್ಲೇ ಇರಬಹುದೆಂದು ಅವಳೇ ಕೇಳಿಕೊಂಡಿದ್ದಳು. ಗೋಕಾಕದಿಂದ ಮೂಡಲಗಿ ಏನು ದೂರ, ವಾರಕ್ಕೊಮ್ಮೆ ಬರುತ್ತೇನೆ ಎಂದಳು. ನಾನೂ ನಂಬಿದೆ. ಕೆಲವು ದಿನ ಅಭ್ಯಾಸಬಲದಿಂದ ಪಕ್ಕದ ಸೀಟಿನ ಮೇಲೆ ಬ್ಯಾಗು ಇಟ್ಟೆ. ಘಟಪ್ರಭಾದಲ್ಲಿ ಹತ್ತಿದ ಒಬ್ಬ ಹೆಣ್ಣುಮಗಳು, "ಯಾರರ ಬರೂರು ಅದಾರೇನ್ರಿ?" ಎಂದು ಕೇಳಿದಾಗ ಎತ್ತಿಕೊಂಡೆ.

"ನೀ ಮೊದ್ಲ ಪಾಸ್‌ಪೋರ್ಟ್ ಮಾಡಿಸ್, ನಾ ಆಮ್ಯಾಲ ಮಾಡಸ್ತೀನಿ," ಎಂದು ಅವಳು ಫೋನಿನಲ್ಲಿ ಹೇಳಿದ್ದಕ್ಕೆ ಅರ್ಜಿ ಹಾಕಿದೆ. ಒಂದು ಭಾನುವಾರ ವಿಚಾರಣೆಗೆ ಪೊಲೀಸರೊಬ್ಬರು ಮನೆಗೆ ಬಂದರು. ಒಳ್ಳೆಯ ಮನುಷ್ಯ, ಚಪ್ಪಲಿ ಹೊರಗೆ ಬಿಟ್ಟು ಬಂದು ಕೂತರು.

"ಮನ್ಯಾಗ ಯಾರ್ಯಾರ್ ಇರ್ತೀರ್ರಿ?"

"ನಾ ಒಬ್ಬಾಕಿನ್ರಿ."

"ನಿಮ್ಮನ್ನ ಛಲೋತ್ನ್ಯಾಗ ಬಲ್ಲಂಥಾ ಇಬ್ರನ್ನ ಕರೀರಿ. ಸಹಿ ಬೇಕು."

ಕೆಳಗಿನ ಮನೆಯ ಮಾಲೀಕರನ್ನು ಕರೆದೆ. ಎರಡನೆಯವರು ಯಾರೆಂದು ಹೊಳೆಯಲಿಲ್ಲ. ಹನ್ನೊಂದು ವರ್ಷ ಅದೇ ಓಣಿಯಲ್ಲಿದ್ದೇನೆ. ಕಾಯಿಪಲ್ಲೆಯವಳು, ಹಿಟ್ಟಿನ ಗಿರಣಿಯವರು ಎಲ್ಲರೂ ನಕ್ಕು ಮಾತಾಡಿಸುತ್ತಾರೆ. ಆದರೆ ಇವರು ನನ್ನನ್ನು ಬಲ್ಲರು ಎಂದು ಯಾರ ಬಾಗಿಲು ತಟ್ಟಲಿ? ಕೊನೆಗೆ ಮಾಲೀಕರೇ ತಮ್ಮ ಹೆಂಡತಿಯನ್ನು ಕೂಗಿದರು. ಅವರು ಹಿಟ್ಟಿನ ಕೈ ಒರೆಸಿಕೊಂಡು ಬಂದು ಸಹಿ ಮಾಡಿ, "ಎಲ್ಲಿಗ್ರಿ ಟೀಚರ್ರ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಇಳಿದುಹೋದರು.

ಪಾಸ್‌ಪೋರ್ಟ್ ಬಂತು. ಗೆಳತಿಯ ಫೋನು ವಾರಕ್ಕೊಮ್ಮೆ ಬರುತ್ತಿದ್ದದ್ದು ತಿಂಗಳಿಗೊಮ್ಮೆಯಾಯಿತು. ಬೇಸಿಗೆ ರಜೆಯಲ್ಲಿ ಒಂದು ಮಧ್ಯಾಹ್ನ ಮೆಂತೆ ಸೊಪ್ಪು ಬಿಡಿಸುತ್ತ ಮೊಬೈಲು ನೋಡಿದೆ. ಅವಳ ಸ್ಟೇಟಸ್ಸಿನಲ್ಲಿ ನೀಲಿ ಗುಮ್ಮಟಗಳಿದ್ದವು. ಅವುಗಳ ಮುಂದೆ ಅವಳು, ಅವಳ ಹೊಸ ಶಾಲೆಯ ಮೂವರು ಶಿಕ್ಷಕಿಯರು, ನಾಲ್ವರಿಗೂ ತಂಪುಕನ್ನಡಕ. ನಾನು ಬೋರ್ಡಿನ ಮೇಲೆ ಬಿಡಿಸುತ್ತಿದ್ದ ಗುಮ್ಮಟವೇ ಅದು. ಎರಡು ದಿನ ಬಿಟ್ಟು ಬುಖಾರಾ ಬಂತು. ಯಾವ ಊರಿನಲ್ಲಿ ಎಷ್ಟು ದಿನ ಎಂದು ನಾನು ಬರೆದಿದ್ದೆನೋ, ಅಷ್ಟೇ ದಿನ ಇದ್ದು ಮುಂದೆ ಹೋದರು. ಬೆಟ್ಟ, ಮರಳುಗಾಡು ಮಾತ್ರ ಬರಲಿಲ್ಲ.

ಸಿಟ್ಟು ಬರಲಿಲ್ಲ, ಮೊದಲು ನಾಚಿಕೆಯಾಯಿತು. ಯಾರೂ ಕರೆಯದ ಮನೆಗೆ ಹೊಸ ಸೀರೆ ಉಟ್ಟುಕೊಂಡು ಹೊರಟವಳ ಹಾಗೆ. "ಭಾಳ ಚಂದ ಐತಿ" ಎಂದು ಕಳಿಸಿದೆ. ಅವಳು ಕೈ ಮುಗಿದ ಚಿತ್ರ ಕಳಿಸಿದಳು.

ಜೂನಿನಲ್ಲಿ ತರಬೇತಿಗೆಂದು ಮೂಡಲಗಿಯ ಒಂದು ಶಾಲೆಗೆ ಹೋಗಬೇಕಾಯಿತು. ಊಟದ ಬಿಡುವಿನಲ್ಲಿ ಅವಳೇ ಹುಡುಕಿಕೊಂಡು ಬಂದಳು. ಶಾಲೆಯ ಹಿಂದಿನ ಬೇವಿನ ಮರದ ಕಟ್ಟೆಯ ಮೇಲೆ ಕೂತೆವು. ಅವಳು ತೆಳ್ಳಗಾಗಿದ್ದಳು. ಅದು ಚಿತ್ರಗಳಲ್ಲಿ ಕಂಡಿರಲಿಲ್ಲ.

"ನನಗ ಹೇಳಿದ್ರ ನಾನೂ ಬರ್ತಿದ್ನೆಲ್ಲ," ಅಂದೆ.

"ಖರೆ ಹೇಳ್ಲಿ? ನಿನ್ನ ಜೋಡಿ ಹ್ವಾದ್ರ ಅದು ಪಾಠ ಆಗ್ತಿತ್ತು. ಈ ವರ್ಷ ನಮ್ಮ ಮನ್ಯಾಗ ಭಾಳ ತ್ರಾಸ ಆಗೇತಿ. ನಮ್ಮನಿಯವರಿಗೆ ಎರಡ್ ಸಲ ಆಪರೇಷನ್ ಆತು. ನನಗ ನಾಕ್ ದಿನ ಬರೇ ನಗಬೇಕಾಗಿತ್ತು."

"ಆಪರೇಷನ್ ಆಗಿದ್ದು ನನಗ ಗೊತ್ತಽ ಇಲ್ಲ."

"ನೀ ಎಂದ ಕೇಳಿದಿ? ಫೋನ್ ಮಾಡಿದಾಗೆಲ್ಲಾ ಸಮರ್‌ಖಂಡ್ ಬಿಟ್ರ ಬುಖಾರಾ."

ಅವಳು ಜಗಳಕ್ಕೆ ಅಂದದ್ದಲ್ಲ. ಕಣ್ಣಲ್ಲಿ ನೀರಿತ್ತು. ನಾನು ನೆನಪು ಮಾಡಿಕೊಂಡೆ: ಎರಡು ವರ್ಷ ಒಂದೇ ಸೀಟಿನಲ್ಲಿ ಕೂತು ಅವಳ ಗಂಡ ಏನು ಮಾಡುತ್ತಾನೆಂಬುದನ್ನೂ ನಾನು ಸರಿಯಾಗಿ ಕೇಳಿರಲಿಲ್ಲ. ನನ್ನನ್ನು ಕೇಳುವವರು ಇರಲಿಲ್ಲವಾದ್ದರಿಂದ ಕೇಳುವುದೇ ಮರೆತಿತ್ತೋ ಏನೋ. "ಈಗ ಹೆಂಗದಾರ?" ಅಂದೆ. "ಅಡ್ಡಾಡ್ತಾರ," ಅಂದಳು. ಅಷ್ಟರಲ್ಲಿ ಬಿಡುವು ಮುಗಿಯಿತು.

ಆಮೇಲೆ ನಾನು ಒಬ್ಬಳೇ ಮತ್ತೆ ಯೋಜನೆ ಹಾಕಿದೆ. ಬಸ್ಸಿನಲ್ಲಲ್ಲ, ಮನೆಯಲ್ಲಿ, ಅಡುಗೆಯಾದ ಮೇಲೆ. ಸಮರ್‌ಖಂಡದ ದಿನಗಳನ್ನು ಕಡಿಮೆ ಮಾಡಿ ಬೆಟ್ಟಕ್ಕೆ ಕೊಟ್ಟೆ. ವಿದೇಶಕ್ಕೆ ಹೋಗಲು ಇಲಾಖೆಯ ಪರವಾನಗಿ ಬೇಕು, ಹುಕ್ಕೇರಿಯಲ್ಲಿ ಅರ್ಜಿ ಕೊಡುವಾಗ ಗುಮಾಸ್ತರು, "ಜೋಡಿ ಯಾರ್ರಿ?" ಎಂದರು. "ಯಾರೂ ಇಲ್ರಿ" ಎಂದೆ. ಅವರು ತಲೆಯೆತ್ತಿ ನೋಡಿ, "ಧೈರ್ಯ ಐತ್ರಿ ನಿಮಗ," ಅಂದರು. ಅದು ಧೈರ್ಯವಾಗಿರಲಿಲ್ಲ. ಹೋಗದಿದ್ದರೆ ಆ ನೋಟ್‌ಬುಕ್ ಇರುವ ಮನೆಯಲ್ಲಿ ಇರಲಾರೆ ಅನ್ನಿಸಿತ್ತು, ಅಷ್ಟೆ.

ದಸರೆ ರಜೆಯಲ್ಲಿ ಹೋದೆ. ಸಮರ್‌ಖಂಡದ ಚೌಕದಲ್ಲಿ ನಿಂತಾಗ ನಾನು ಅಂದುಕೊಂಡಿದ್ದೇನೂ ಆಗಲಿಲ್ಲ. ಗುಮ್ಮಟಗಳು ದೊಡ್ಡವಾಗಿದ್ದವು, ಬಹಳ ನೀಲಿಯಾಗಿದ್ದವು. ಸುತ್ತಲೂ ಜನ ಒಬ್ಬರ ಫೋಟೋ ಒಬ್ಬರು ತೆಗೆಯುತ್ತಿದ್ದರು. ನಾನು ಒಂದು ಬೆಂಚಿನ ಮೇಲೆ ಕೂತು ರೊಟ್ಟಿ ಮುರಿದು ತಿಂದೆ.

ಬೆಟ್ಟದ ಹಳ್ಳಿಯಲ್ಲಿ ನಾನು ಉಳಿದ ಮನೆಯೊಡತಿಗೆ ಅರವತ್ತರ ಮೇಲಾಗಿತ್ತು. ಅಂಗಳದಲ್ಲಿ ಅಕ್ರೋಟದ ಮರ, ಅದರ ಕೆಳಗೆ ಹರಿಯುವ ಸಣ್ಣ ಕಾಲುವೆ. ಬೆಳಿಗ್ಗೆ ಆಕೆ ಹಿಟ್ಟು ನಾದುತ್ತಿದ್ದಾಗ ಹತ್ತಿರ ಕೂತೆ. ಆಕೆ ಒಂದು ಬೆರಳು ತೋರಿಸಿ ಏನೋ ಕೇಳಿದಳು. ಒಬ್ಬಳೇ ಬಂದೆಯಾ ಎಂದಿರಬೇಕು. "ಹೂಂರಿ, ಒಬ್ಬಾಕಿನ ಬಂದೇನಿ," ಎಂದು ಕನ್ನಡದಲ್ಲೇ ಹೇಳಿದೆ. ಹೇಳಿದ ಮೇಲೆ ನಿಲ್ಲಿಸಲಾಗಲಿಲ್ಲ. ಗೆಳತಿಯ ಬಗ್ಗೆ, ಆಪರೇಷನ್ನಿನ ಬಗ್ಗೆ, ಸಹಿಗೆ ಜನ ಸಿಗದ ಭಾನುವಾರದ ಬಗ್ಗೆ ಎಲ್ಲ ಹೇಳಿದೆ. ಯಾರ ಎದುರಿಗೂ ಅಷ್ಟು ಮಾತಾಡಿದವಳಲ್ಲ ನಾನು. ಆಕೆ ನಡುನಡುವೆ ತಲೆಯಾಡಿಸುತ್ತ ಹಿಟ್ಟು ನಾದಿದಳು. ನನ್ನ ಮಾತು ಮುಗಿದಾಗ ತಾನೂ ಏನೋ ಹೇಳತೊಡಗಿದಳು. ಬಹಳ ಹೊತ್ತು ಹೇಳಿದಳು. ಒಂದೆರಡು ಸಲ ಧ್ವನಿ ತಗ್ಗಿತು. ಒಂದು ಅಕ್ಷರವೂ ಅರ್ಥವಾಗಲಿಲ್ಲ. ಆದರೂ ನನ್ನನ್ನು ಕರೆದೊಯ್ಯಲು ಕಾರು ಬಂದು ಹಾರ್ನ್ ಹೊಡೆಯುವವರೆಗೆ ನಾನು ಏಳದೆ ಕೂತು ಕೇಳಿದೆ.